ಟಿಕೆಟ್ ಹಿಂದಿನ ಅಕ್ಷರ

ಅಪ್ಪ ಹೋದ ಮೂರನೇ ದಿನ, ಹಾಲು-ತುಪ್ಪ ಮುಗಿಸಿ ಬಂದ ಮೇಲೆ, ಫೋಟೋ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಹನ್ನೊಂದನೇ ದಿನದ ತಿಥಿಗೆ ಕಾರ್ಡ್ ಅಚ್ಚಾಗಬೇಕಿತ್ತು. ಎಡೆ ಇಡುವ ಜಾಗಕ್ಕೆ ದೊಡ್ಡದೊಂದು ಫೋಟೋ ಬೇಕಿತ್ತು. ನನ್ನ ತಮ್ಮ ಶಾಮಿಯಾನ, ಪಾತ್ರೆ, ಅಡುಗೆಯವರು ಅಂತ ಓಡಾಡುತ್ತಿದ್ದ. ನಾನು ನಡುಮನೆಯ ಗೋಡೆಗೆ ಒರಗಿ ಮೊಬೈಲ್ ತೆರೆದೆ. ಎರಡು ವರ್ಷದಲ್ಲಿ ತೆಗೆದ ನೂರಾರು ಫೋಟೋ ಇದ್ದವು. ಗಾಯ ಹೇಗಿದೆ ಅಂತ ಡಾಕ್ಟರಿಗೆ ಕಳಿಸಿದ್ದು, ಊತ ಇಳಿದಿದೆಯಾ ಅಂತ ತಮ್ಮನಿಗೆ ಕಳಿಸಿದ್ದು, ಸ್ಕ್ಯಾನ್ ರಿಪೋರ್ಟು, ಔಷಧಿ ಚೀಟಿ. ಎಲ್ಲದರಲ್ಲೂ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡ, ಕೆನ್ನೆ ಒಳಗೆ ಹೋದ ಒಬ್ಬ ಮುದುಕ.

ಕಣ್ಣು ಮುಚ್ಚಿ ಮೊದಲಿನ ಅಪ್ಪನನ್ನು ನೆನೆಸಿಕೊಳ್ಳಲು ನೋಡಿದೆ. ಬರಲಿಲ್ಲ. ಆ ಬಿಳಿ ಬಟ್ಟೆಯೇ ಬಂತು. ಧ್ವನಿ ನೆನೆಸಿಕೊಳ್ಳೋಣ ಅಂದರೆ ಕಫ ಎಳೆಯುವ ಮೆಷಿನ್ನಿನ ಸದ್ದು ಬಂತು. ಅಪ್ಪ ಹೋದ ರಾತ್ರಿ ಆಗದಷ್ಟು ಹೆದರಿಕೆ ನನಗೆ ಆಗ ಆಯಿತು. ಮೂವತ್ತೊಂಬತ್ತು ವರ್ಷ ನೋಡಿದ ಮುಖವನ್ನು ಎರಡು ವರ್ಷದ ಕಾಯಿಲೆ ಅಳಿಸಿಬಿಟ್ಟಿತಾ?

ಅಪ್ಪ ಕೆಎಸ್‌ಆರ್‌ಟಿಸಿ ಕಂಡಕ್ಟರ್. 1985ರಲ್ಲಿ ಸೇರಿದ, 2018ರಲ್ಲಿ ಅರವತ್ತು ತುಂಬಿ ನಿವೃತ್ತನಾದ. ಹೆಚ್ಚಿನ ವರ್ಷ ಅರಸೀಕೆರೆ–ಬೆಂಗಳೂರು ರೂಟು, ನಡುನಡುವೆ ಹಳ್ಳಿಗಳ ನೈಟ್ ಹಾಲ್ಟ್. ನಮ್ಮ ಕಡೆಯವರು ಆ ದಾರಿಯನ್ನು ಈಗಲೂ ಬಿ.ಎಚ್. ರೋಡ್ ಅಂತಲೇ ಕರೆಯುವುದು. ನೆಲಮಂಗಲ, ದಾಬಸ್‌ಪೇಟೆ, ತುಮಕೂರು, ಗುಬ್ಬಿ, ನಿಟ್ಟೂರು, ಕೆ.ಬಿ. ಕ್ರಾಸ್, ತಿಪಟೂರು, ಅರಸೀಕೆರೆ. ಶಾಲೆಯಲ್ಲಿ ಮಗ್ಗಿ ಕಲಿಯುವ ಮೊದಲೇ ನಾನೂ ತಮ್ಮನೂ ಇದನ್ನು ಬಾಯಿಪಾಠ ಮಾಡಿದ್ದೆವು. ಆಗ ಟಿಕೆಟ್ ಮೆಷಿನ್ ಇರಲಿಲ್ಲ. ಬಣ್ಣಬಣ್ಣದ ಟಿಕೆಟ್ ಕಟ್ಟುಗಳು, ತೂತು ಹಾಕುವ ಪಂಚು, ಚರ್ಮದ ಬ್ಯಾಗು, ಕಂಕುಳಲ್ಲಿ ಟಿಕೆಟ್ ಲೆಕ್ಕ ಬರೆಯುವ ವೇ ಬಿಲ್. ಡ್ಯೂಟಿ ಮುಗಿಸಿ ಬಂದು ನಮ್ಮನ್ನು ಎತ್ತಿಕೊಂಡರೆ ಅಪ್ಪನ ಕೈ ನಾಣ್ಯದ ವಾಸನೆ ಹೊಡೆಯುತ್ತಿತ್ತು.

ಹೊರಗಿನವರಿಗೆ ಅಪ್ಪ ಅಂದರೆ ದೊಡ್ಡ ಗಂಟಲು. ಮನೆಯಲ್ಲಿ ಮಾತ್ರ ಮೆತ್ತಗೆ ಮಾತಾಡುತ್ತಿದ್ದ. "ಗಂಟಲು ಡ್ಯೂಟಿಗೆ ಬೇಕು ಕಣವ್ವ" ಅನ್ನುತ್ತಿದ್ದ. ಬೈಯಬೇಕಾದರೂ ಹತ್ತಿರ ಕರೆದು, ಕಿವಿಯ ಬಳಿ ಬಗ್ಗಿ ಬೈಯುತ್ತಿದ್ದ.

2021ರ ದೀಪಾವಳಿ ಹೊತ್ತಿಗೆ ಆ ಗಂಟಲು ಒಡೆಯಿತು. ಗೊಗ್ಗರು ಧ್ವನಿ. ಶೀತ ಅಂದುಕೊಂಡೆವು. ಊರಿನ ಡಾಕ್ಟರೂ ಶೀತ ಅಂದರು. ಸಿರಪ್ಪು, ಮಾತ್ರೆ, ಬಿಸಿನೀರಿನ ಆವಿ ಅಂತ ಎರಡೂವರೆ ತಿಂಗಳು ಕಳೆಯಿತು. ಹಾಸನದ ಕಿವಿ-ಮೂಗು-ಗಂಟಲಿನ ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮೆರಾ ಬಿಟ್ಟು ನೋಡಿದಾಗ 2022ರ ಫೆಬ್ರವರಿ. ಮೂರು ವಾರ ದಾಟಿದರೂ ಧ್ವನಿ ಸರಿಹೋಗದಿದ್ದರೆ ಗಂಟಲಿನ ಒಳಗೆ ನೋಡಿಸಲೇಬೇಕು ಅಂತ ಅವರು ಹೇಳಿದರು. ಇದೊಂದು ಮಾತು ಮೊದಲೇ ಗೊತ್ತಿದ್ದಿದ್ದರೆ ಅಂತ ನಾನು ಎಷ್ಟು ರಾತ್ರಿ ಅಂದುಕೊಂಡಿದ್ದೇನೋ ಲೆಕ್ಕವಿಲ್ಲ. ಬೀಡಿ ಸೇದುವ, ಅಥವಾ ಹಿಂದೆ ಸೇದುತ್ತಿದ್ದ ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಇದನ್ನು ನೆನಪಿಡಿ. ಅಪ್ಪ ಹದಿನೆಂಟನೇ ವಯಸ್ಸಿಗೆ ಬೀಡಿ ಹಚ್ಚಿದವನು. ದಿನಕ್ಕೊಂದು ಕಟ್ಟು. ಬಿಟ್ಟಿದ್ದು 2012ರಲ್ಲಿ, ನನ್ನ ಮಗಳು ಹುಟ್ಟಿದ ದಿನ. ಆಸ್ಪತ್ರೆ ಬಾಗಿಲಲ್ಲಿ ಜೇಬಿನ ಕಟ್ಟು ತೆಗೆದು ಕಸದ ಡಬ್ಬಿಗೆ ಹಾಕಿ, ಕೈ ತೊಳೆದುಕೊಂಡು ಬಂದು ಕೂಸನ್ನು ಎತ್ತಿಕೊಂಡ. ಮತ್ತೆ ಮುಟ್ಟಲಿಲ್ಲ. ಹತ್ತು ವರ್ಷವಾದ ಮೇಲೂ ಹಳೆಯದು ಬಿಡಲಿಲ್ಲ.

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಬಯಾಪ್ಸಿ, ಸಿ.ಟಿ. ಎಲ್ಲ ಆಯಿತು. ಧ್ವನಿಪೆಟ್ಟಿಗೆಯ ಕ್ಯಾನ್ಸರ್. ಗೆಡ್ಡೆ ಅಲ್ಲಿನ ಮೂಳೆಯಂಥ ಮೃದ್ವಸ್ಥಿಗೂ ಹಬ್ಬಿತ್ತು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ಉಸಿರಿನ ಕೊಳವೆಯನ್ನು ಕುತ್ತಿಗೆಯ ಮುಂದೆ ತಂದು ಹೊಲಿಯಬೇಕು, ಮುಂದೆ ಜೀವನಪೂರ್ತಿ ಉಸಿರಾಟ ಆ ತೂತಿನಿಂದಲೇ ಅಂತ ಹೇಳಿದರು. ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಖರ್ಚು ನಡೆಯಿತು. ಅಪ್ಪನಿಗೆ ಬರುತ್ತಿದ್ದ ಪಿಂಚಣಿ ತಿಂಗಳಿಗೆ ಮೂರು ಸಾವಿರ ಚಿಲ್ಲರೆ. ಆ ಯೋಜನೆ ಇಲ್ಲದಿದ್ದರೆ ಊರಿನ ನಾಲ್ಕು ಸಾಲು ತೆಂಗಿನ ಮರ ಮಾರಬೇಕಾಗುತ್ತಿತ್ತು.

ಆಪರೇಷನ್ ಹಿಂದಿನ ರಾತ್ರಿ ವಾರ್ಡಿನ ನರ್ಸಮ್ಮ ಬಂದು, "ಅಜ್ಜ, ಏನಾದ್ರೂ ಹೇಳೋದಿದ್ರೆ ಮೊಬೈಲಲ್ಲಿ ರೆಕಾರ್ಡ್ ಮಾಡಿಟ್ಟುಬಿಡಿ" ಅಂದರು. ಮೊಮ್ಮಗಳಿಗೆ ಏನಾದರೂ ಹೇಳಪ್ಪ ಅಂದೆ. ನಾಚಿಕೊಂಡ. ಬೆಳಿಗ್ಗೆ ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ಒಬ್ಬನೇ ಕಾರಿಡಾರಿಗೆ ಹೋಗಿ ಎರಡು ನಿಮಿಷ ಮಾತಾಡಿ ಬಂದಿದ್ದ. ಮೋಟಾರ್ ರೂಮಿನ ಬೀಗದಕೈ ಹಂಚಿನ ಸಂದಿಯಲ್ಲಿದೆ. ಎಲ್‌ಐಸಿ ಕಂತು ಮುಂದಿನ ತಿಂಗಳು. ಮೂಲೆಯ ತೆಂಗಿನ ಮರ ಕಾಯಿ ಬಿಡ್ತಿಲ್ಲ ಅಂತ ಕಡಿಸಬೇಡಿ, ಇನ್ನೊಂದು ವರ್ಷ ನೋಡಿ. ನಿಮ್ಮಮ್ಮನಿಗೆ ಬಿ.ಪಿ. ಮಾತ್ರೆ ಮರೆಯೋದು ಜಾಸ್ತಿ, ದಿನಾ ಕೇಳ್ತಿರು. ಕೊನೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು, ರೈಟ್" ಅಂದ.

ಅದಾದ ಮೇಲೆ ಆ ಗಂಟಲಿನಿಂದ ಮಾತು ಹೊರಡಲಿಲ್ಲ.

ಮಾತು ಹೋಗುತ್ತದೆ ಅಂತ ನಮಗೆ ಗೊತ್ತಿತ್ತು. ಗೊತ್ತಿಲ್ಲದ್ದು ಬೇರೆ ಎಷ್ಟೋ ಇದ್ದವು. ಮೂಗಿನಿಂದ ಗಾಳಿ ಓಡಾಡದ ಮೇಲೆ ವಾಸನೆಯೂ ಗೊತ್ತಾಗುವುದಿಲ್ಲ. ಸ್ನಾನ ಮಾಡುವಾಗ ಒಂದು ಚೊಂಬು ನೀರು ತಪ್ಪಿ ಆ ತೂತಿಗೆ ಬಿದ್ದರೆ ನೇರ ಶ್ವಾಸಕೋಶಕ್ಕೆ. ಗಾಳಿ ಒಣಗಿದ್ದರೆ ಕಫ ಗಟ್ಟಿಯಾಗಿ ಕೊಳವೆ ಕಟ್ಟಿಕೊಳ್ಳುತ್ತದೆ, ಅದಕ್ಕೇ ಒದ್ದೆ ಬಟ್ಟೆ, ಸಲೈನ್ ಹನಿ, ಕಫ ಎಳೆಯುವ ಮೆಷಿನ್ನು. ಬಾಯಿಂದ ಊದಲೂ ಆಗುವುದಿಲ್ಲ. ಇದು ಗೊತ್ತಾಗಿದ್ದು ಮನೆಗೆ ಬಂದ ಮೇಲೆ. ಅಮ್ಮ ಕಾಫಿ ಕೊಟ್ಟಳು. ಅಪ್ಪ ಲೋಟ ತುಟಿಯ ಹತ್ತಿರ ತಂದು, ಅಭ್ಯಾಸದಂತೆ ತುಟಿ ಮುಂದೆ ಮಾಡಿದ. ಗಾಳಿ ಕುತ್ತಿಗೆಯ ತೂತಿನಿಂದ ಹೋಯಿತು. ಕಾಫಿಯ ನೊರೆ ಅಲ್ಲಾಡಲಿಲ್ಲ. ಲೋಟವನ್ನೇ ನೋಡುತ್ತಾ ಕೂತ. ಅಮ್ಮ ಏನೂ ಹೇಳದೆ ಅದನ್ನು ಇಸ್ಕೊಂಡು, ಇನ್ನೊಂದು ಲೋಟ ತಂದು, ಮೇಲಿಂದ ಕೆಳಕ್ಕೆ ಸುರಿದು ಆರಿಸಿದಳು. ಮೂರು ಸಲ. ಬೆರಳಿನಿಂದ ಲೋಟದ ಹೊರಗೆ ಮುಟ್ಟಿ ನೋಡಿ ಕೊಟ್ಟಳು. ಆವತ್ತಿನಿಂದ ದಿನಕ್ಕೆ ಎರಡು ಹೊತ್ತು ಹಾಗೇ.

ರೇಡಿಯೇಷನ್ ಮೂವತ್ತು ಸಿಟ್ಟಿಂಗ್, ಆರು ವಾರ. ಆಗ ಅಪ್ಪ ಅಮ್ಮ ಬೆಂಗಳೂರಿನಲ್ಲಿ, ನಮ್ಮ ದಾಸರಹಳ್ಳಿಯ ಮನೆಯಲ್ಲಿದ್ದರು. ಅರಸೀಕೆರೆ ಬಸ್ಸುಗಳು ತುಮಕೂರು ರಸ್ತೆಯಲ್ಲೇ ಹೋಗುವುದು. ಸಂಜೆ ಅಪ್ಪ ರಸ್ತೆ ಬದಿಗೆ ಹೋಗಿ ನಿಲ್ಲುತ್ತಿದ್ದ. ಯಾವ ಬಸ್ಸು ಎಷ್ಟು ಲೇಟು ಅಂತ ವಾಚು ನೋಡಿಕೊಳ್ಳುತ್ತಿದ್ದ.

ಮಾತಿಗೆ ಒಂದು ಸಾಧನ ಹಾಕಿದ್ದರು. ಉಸಿರಿನ ಕೊಳವೆಗೂ ಅನ್ನದ ಕೊಳವೆಗೂ ನಡುವೆ ಕೂರುವ ಸಣ್ಣ ಸಿಲಿಕಾನ್ ಕವಾಟ. ತೂತನ್ನು ಬೆರಳಿನಿಂದ ಮುಚ್ಚಿದರೆ ಗಾಳಿ ಅದರೊಳಗಿಂದ ಹೋಗಿ ಮಾತಾಗುತ್ತದೆ. ಹೊರದೇಶದಿಂದ ಬರುವ ಇಂಥ ಸಾಧನಕ್ಕೆ ಸಾವಿರಗಟ್ಟಲೆ ಬೀಳುತ್ತದೆ. ಬೆಂಗಳೂರಿನ ಡಾ. ವಿಶಾಲ್ ರಾವ್ ಅವರು ಐವತ್ತು ರೂಪಾಯಿಗೆ ಸಿಗುವಂಥದ್ದನ್ನು ರೂಪಿಸಿದ್ದಾರೆ ಅಂತ ಅಲ್ಲೇ ಪಕ್ಕದ ಬೆಡ್ಡಿನವರಿಂದ ತಿಳಿಯಿತು. ಎಷ್ಟೋ ಜನ ಇದರಿಂದ ಚೆನ್ನಾಗಿ ಮಾತಾಡುತ್ತಾರೆ. ಒಬ್ಬ ಮೇಷ್ಟ್ರು ಮತ್ತೆ ಪಾಠ ಮಾಡುತ್ತಿರುವುದಾಗಿ ಬೆರಳು ಒತ್ತಿಕೊಂಡು ನಮಗೆ ಹೇಳಿದರು. ಅಪ್ಪನಿಗೆ ಮಾತ್ರ ಒಗ್ಗಲಿಲ್ಲ. ನಾಲ್ಕು ಪದ ಬಂದರೆ ಕೆಮ್ಮು ಬರುತ್ತಿತ್ತು. ಆ ಧ್ವನಿ ತನ್ನದಲ್ಲ ಅನ್ನುವ ಹಾಗೆ ಕೈ ಅಲ್ಲಾಡಿಸಿಬಿಡುತ್ತಿದ್ದ. ಮಗಳು ತನ್ನ ಹಳೇ ನೋಟ್‌ಬುಕ್ಕೊಂದನ್ನು ಕೊಟ್ಟಳು. ಅಲ್ಲಿಂದ ಬರೆಯುವುದೇ ಮಾತಾಯಿತು.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದಾಗ ಅಪ್ಪ ಚೆನ್ನಾಗಿದ್ದ. ಅಮ್ಮ ತಂಗಿಯ ಮನೆಗೆ ತಿಪಟೂರಿಗೆ ಹೋಗಿಬಂದು ಸೊನ್ನೆ ರೂಪಾಯಿ ಟಿಕೆಟ್ ತೋರಿಸಿದಳು. ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಭುಜ ಕುಣಿಯುವ ಹಾಗೆ ನಕ್ಕ, ಸದ್ದಿಲ್ಲದ ನಗು. ಆಮೇಲೆ ಆ ಟಿಕೆಟ್ಟನ್ನು ಜೋಪಾನವಾಗಿ ನೋಟ್‌ಬುಕ್ಕಿನ ರಟ್ಟಿನೊಳಗೆ ಸಿಕ್ಕಿಸಿಕೊಂಡ.

ಸೆಪ್ಟೆಂಬರಿನಲ್ಲಿ ಕ್ಯಾನ್ಸರ್ ಶ್ವಾಸಕೋಶಕ್ಕೆ ಬಂತು. ಈ ಭಾಗವನ್ನು ನಾನು ಜಾಸ್ತಿ ಬರೆಯುವುದಿಲ್ಲ. ನೋವಿಗೆ ಮಾರ್ಫಿನ್ ಮಾತ್ರೆ ಬರೆದುಕೊಟ್ಟರು. "ಅಯ್ಯೋ ಅದು ಚಟ ಹತ್ತಿಸುತ್ತೆ, ಕೊಡಬೇಡಿ" ಅಂತ ಹೇಳಿದವರು ನೆಂಟರಲ್ಲಿ ಎಷ್ಟೋ ಜನ. ನೋವು ತಡೆಯಲಾಗದೆ ಅಪ್ಪ ಮಂಚದ ಕಂಬಿ ಹಿಡಿದಿದ್ದನ್ನು ಅವರು ನೋಡಿರಲಿಲ್ಲ. ಮನೆಗೆ ಬರುತ್ತಿದ್ದ ಉಪಶಾಮಕ ಆರೈಕೆಯ, ಅಂದರೆ ವಾಸಿಯಾಗದ ಕಾಯಿಲೆಯಲ್ಲಿ ನೋವು ಇಳಿಸುವ ಆರೈಕೆಯ, ಸಿಸ್ಟರ್ ಸರಿಯಾಗಿ ತಿಳಿಸಿದರು: ನೋವು ಬಂದ ಮೇಲೆ ಕೊಡುವುದಲ್ಲ, ಗಂಟೆ ನೋಡಿ ಕೊಡಬೇಕು. ನಾಲ್ಕು ಗಂಟೆಗೊಂದು ಸಲ. ಮಲಬದ್ಧತೆ ಆಗೇ ಆಗುತ್ತೆ, ಅದಕ್ಕೂ ಮೊದಲ ದಿನದಿಂದಲೇ ಔಷಧಿ ಕೊಡಿ. ಅಪ್ಪ ಇದನ್ನು ಬಸ್ ಟೈಮಿಂಗಿನ ಹಾಗೆ ಹಿಡಿದ. ಆರು, ಹತ್ತು, ಎರಡು, ಆರು, ಹತ್ತು. ಗೆರೆ ಎಳೆದು ಕಾಲಂ ಮಾಡಿ, ಕೊಟ್ಟ ಹೊತ್ತನ್ನು ತಾನೇ ಬರೆದುಕೊಳ್ಳುತ್ತಿದ್ದ. ಐದು ನಿಮಿಷ ತಡವಾದರೂ ಅದನ್ನೂ ಬರೆಯುತ್ತಿದ್ದ. 2024ರ ಫೆಬ್ರವರಿಯ ಒಂದು ಬೆಳಗಿನ ಜಾವ, ಊರಿನ ಮನೆಯಲ್ಲಿ, ಅಮ್ಮ ಪಕ್ಕದಲ್ಲಿದ್ದಾಗ ಹೋದ. ನೋವಿರಲಿಲ್ಲ.

ಫೋಟೋ ಹುಡುಕುತ್ತಾ ಕೂತವಳಿಗೆ ಇಷ್ಟೂ ಕಣ್ಣ ಮುಂದೆ ಬಂತು. ಇದರ ಹಿಂದಿನದು ಮಾತ್ರ ಬರಲಿಲ್ಲ.

ಬಂದವರು ತಂದುಕೊಟ್ಟರು. ನಾಲ್ಕನೇ ದಿನ ಅಪ್ಪನ ಜೊತೆ ಹನ್ನೊಂದು ವರ್ಷ ಓಡಿಸಿದ ಡ್ರೈವರ್ ಮಾಮ ಬಂದರು. ಒಂದು ಸಲ ಕೆ.ಬಿ. ಕ್ರಾಸ್ ಹತ್ತಿರ ಹೆಂಗಸೊಬ್ಬರಿಗೆ ಹೆರಿಗೆ ನೋವು ಬಂದಾಗ, ಅಪ್ಪ ಉಳಿದ ಪ್ರಯಾಣಿಕರನ್ನು ಒಪ್ಪಿಸಿ ಬಸ್ಸನ್ನು ನೇರ ತಿಪಟೂರು ಆಸ್ಪತ್ರೆ ಬಾಗಿಲಿಗೇ ತಿರುಗಿಸಿದ ಕತೆ ಹೇಳಿದರು. ನಮಗೆ ಅಪ್ಪ ಇದನ್ನು ಹೇಳಿಯೇ ಇರಲಿಲ್ಲ. ಮರುದಿನ ಒಬ್ಬರು ಬಂದರು, ಈಗ ಶಾಲೆಯಲ್ಲಿ ಟೀಚರ್. ಕಾಲೇಜಿಗೆ ತಿಪಟೂರಿಗೆ ಪಾಸಿನಲ್ಲಿ ಓಡಾಡುತ್ತಿದ್ದವರಂತೆ. ಪರೀಕ್ಷೆ ದಿನ ತೋಟದ ದಾರಿಯಲ್ಲಿ ಇವರು ಓಡಿ ಬರುವುದು ಕಂಡರೆ ಅಪ್ಪ ಎರಡನೇ ಬೆಲ್ ಹೊಡೆಯುತ್ತಿರಲಿಲ್ಲವಂತೆ. "ನಿಧಾನಕ್ ಬಾರವ್ವಾ, ಬಸ್ ಎಲ್ಲೂ ಹೋಗಲ್ಲ" ಅಂತ ಬಾಗಿಲಿಂದ ಕೂಗುತ್ತಿದ್ದನಂತೆ.

ಅವರು ಆ ಮಾತನ್ನು ಅಪ್ಪನ ಹಾಗೇ ಕೂಗಿ ತೋರಿಸಿದರು. ಡ್ರೈವರ್ ಮಾಮನೂ "ಗುಬ್ಬಿ ಗುಬ್ಬಿ ಗುಬ್ಬೀಈ" ಅಂತ ಕೂಗಿ ತೋರಿಸಿದ್ದರು. ಕೊನೆಯ ಅಕ್ಷರವನ್ನು ಎಳೆದು, ಒಮ್ಮೆಲೇ ಕತ್ತರಿಸುವುದು. ಇಬ್ಬರದೂ ಒಂದೇ ಥರ ಇತ್ತು. ಒಳಗೆ ಅಡುಗೆಮನೆಯಲ್ಲಿ ಅಮ್ಮ ನಕ್ಕಿದ್ದು ಕೇಳಿಸಿತು. ಐದು ದಿನದಲ್ಲಿ ಅದೇ ಮೊದಲು.

ಆ ರಾತ್ರಿ ಮಗಳ ತಲೆ ಬಾಚುತ್ತಿದ್ದೆ. ತಟ್ಟನೆ ಅಪ್ಪನ ಬೆರಳು ನೆನಪಾದವು. ತಮ್ಮ ಹುಟ್ಟುವಾಗ ಅಮ್ಮ ತವರಿಗೆ ಹೋಗಿದ್ದಳು. ನನಗೆ ಆಗ ಐದು ವರ್ಷ. ಎರಡು ತಿಂಗಳು ನನ್ನ ಜಡೆ ಹಾಕಿದ್ದು ಅಪ್ಪ. ಹತ್ತು, ಇಪ್ಪತ್ತು, ಐವತ್ತರ ನೋಟುಗಳನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಗಳಲ್ಲಿ ಹಿಡಿಯುತ್ತಾರಲ್ವಾ ಕಂಡಕ್ಟರುಗಳು, ಹಾಗೆ ಕೂದಲಿನ ಮೂರು ಎಳೆಗಳನ್ನು ಎಡಗೈಯ ಮೂರು ಸಂದಿಯಲ್ಲಿ ಹಿಡಿದು, ಬಲಗೈಯಿಂದ ಹೆಣೆಯುತ್ತಿದ್ದ. ಎಷ್ಟು ಬಿಗಿ ಅಂದರೆ ಹುಬ್ಬು ಮೇಲೆ ಹೋಗುತ್ತಿದ್ದವು. ಸಂಜೆವರೆಗೂ ಒಂದು ಕೂದಲೂ ಬಿಚ್ಚಿಕೊಳ್ಳುತ್ತಿರಲಿಲ್ಲ. ಟೇಪು ಕಟ್ಟಿ, ತಲೆಯ ಮೇಲೆ ಬೆರಳಿನಿಂದ ಟಕ್ ಟಕ್ ಎರಡು ಸಲ ತಟ್ಟಿ, ಮೆತ್ತಗೆ "ರೈಟ್" ಅನ್ನುತ್ತಿದ್ದ. ಕಿವಿಯ ಹಿಂದೆ, ಅಷ್ಟು ಹತ್ತಿರದಿಂದ ಬರುತ್ತಿದ್ದ ಆ ಧ್ವನಿ. ಅದು ನನಗೆ ಸಿಕ್ಕಿತು. ಬಾಚಣಿಗೆ ಹಿಡಿದುಕೊಂಡೇ ಅತ್ತುಬಿಟ್ಟೆ. ಮಗಳು ಹಿಂದಿರುಗಿ ನೋಡಿ, ಏನೂ ಕೇಳದೆ, ಮತ್ತೆ ತಲೆ ತಿರುಗಿಸಿ ಕೂತಳು.

ಫೋಟೋ ಕೊನೆಗೆ ಇಲಾಖೆಯ ಹಳೇ ಗುರುತಿನ ಚೀಟಿಯದ್ದೇ ಆಯಿತು. ಖಾಕಿ ಅಂಗಿ, ಎದೆಯ ಮೇಲೆ ಬಿಲ್ಲೆ. ಸ್ಟುಡಿಯೋದ ಹುಡುಗ ಕೋಟು ಹಾಕಿಕೊಡ್ತೀನಿ ಅಂದ. ಬೇಡ, ಖಾಕಿಯೇ ಇರಲಿ ಅಂದೆವು.

ಹನ್ನೊಂದನೇ ದಿನ ಎಡೆ ಇಟ್ಟರು. ನಮ್ಮಲ್ಲಿ ಹೋದವರಿಗೆ ಇಷ್ಟವಾದದ್ದೆಲ್ಲ ಇಡುವುದು ಪದ್ಧತಿ. ಮುದ್ದೆ, ಅವರೆಕಾಳು ಸಾರು, ಕಜ್ಜಾಯ. ಚಿಕ್ಕಪ್ಪ ಅಣ್ಣನ ಮೇಲಿನ ಪ್ರೀತಿಗೆ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ ತಂದು ಎಲೆಯ ಪಕ್ಕ ಇಟ್ಟರು. ಅಮ್ಮ ಅಲ್ಲಿವರೆಗೂ ಯಾವುದಕ್ಕೂ ಬಾಯಿ ಹಾಕಿರಲಿಲ್ಲ. ಎದ್ದು ಬಂದಳು. ಬಗ್ಗಿ ಬೀಡಿ ಕಟ್ಟು ತೆಗೆದಳು. "ಮೊಮ್ಮಗಳಿಗೋಸ್ಕರ ಬಿಟ್ಟಿದ್ರು. ಅವರು ಬಿಟ್ಟಿದ್ದನ್ನ ನಾವು ಮತ್ತೆ ಹಿಡಿಸೋದು ಬೇಡ" ಅಂದಳು. ಚಿಕ್ಕಪ್ಪನ ಕಣ್ಣು ತುಂಬಿತು. ಯಾರೂ ಮಾತಾಡಲಿಲ್ಲ.

ಆಮೇಲೆ ಅಮ್ಮ ಒಳಗೆ ಹೋಗಿ ಕಾಫಿ ತಂದಳು. ಫೋಟೋ ಮುಂದೆ ನಿಂತು, ಎರಡು ಲೋಟದಲ್ಲಿ ಮೇಲಿಂದ ಕೆಳಕ್ಕೆ ಸುರಿದು ಆರಿಸಿದಳು. ಮೂರು ಸಲ. ಲೋಟದ ಹೊರಗೆ ಬೆರಳಿಟ್ಟು ನೋಡಿ, ಎಡೆಯ ಬಲಗಡೆ ಇಟ್ಟಳು.

ನೋಟ್‌ಬುಕ್ಕುಗಳನ್ನು ನಾನು ಮೊನ್ನೆ ವರ್ಷದ ತಿಥಿಯವರೆಗೂ ತೆಗೆದಿರಲಿಲ್ಲ. ಒಟ್ಟು ಆರು ಇದ್ದವು. ಕಾಯಿಲೆಯ ಸಾಮಾನಿನ ಜೊತೆ ಒಂದು ಚೀಲಕ್ಕೆ ತುಂಬಿ ಕೊಬ್ಬರಿ ಅಟ್ಟದ ಮೇಲೆ ಎಸೆದಿದ್ದೆ. ಮೆಷಿನ್ನು, ಟ್ಯೂಬು, ಬಿಳಿ ಬಟ್ಟೆಗಳು, ಇವೂ ಅದೇ ಅಂತ. ಈ ಸಲ ಕಾಯಿ ಇಳಿಸುವಾಗ ಚೀಲ ಕೈಗೆ ಸಿಕ್ಕಿತು. ಅಲ್ಲೇ ಕಾಯಿಗಳ ನಡುವೆ ಕೂತು ಬಿಚ್ಚಿದೆ.

ಅಪ್ಪ ಬರೆದಿದ್ದ ರೀತಿ ನೋಡಿ ಕೈ ನಿಂತುಹೋಯಿತು. ಚಿಲ್ಲರೆ ಇಲ್ಲದಾಗ ಕಂಡಕ್ಟರ್ ಟಿಕೆಟ್ ಹಿಂದೆ ಕೊಡಬೇಕಾದ ಬಾಕಿ ಬರೆದುಕೊಡುತ್ತಾರಲ್ಲ, ಅಷ್ಟೇ ಚಿಕ್ಕದಾಗಿ, ಅಷ್ಟೇ ಓಟದಲ್ಲಿ ಬರೆದು, ಸುತ್ತ ಒಂದು ಸೊನ್ನೆ ಸುತ್ತಿದ್ದ. ಕೆಲಸ ಆದ ಮೇಲೆ ಅಡ್ಡ ಗೆರೆ. ನೀರು, ಸುತ್ತ ಸೊನ್ನೆ, ಅಡ್ಡ ಗೆರೆ. ಬೆನ್ನು. ಕಿಟಕಿ. 10.05. ಪಕ್ಕದ ಮನೆ ಹುಡುಗನ ಫೀಸು ಕಟ್ಟಿದ್ರಾ? ಪುಟ್ಟಿಗೆ ಗಣಿತ ಎಷ್ಟು ಬಂತು? ಮೂಲೆ ಮರ 4 ಕಾಯಿ. ಮೂರನೇ ಪುಸ್ತಕದ ರಟ್ಟಿನಲ್ಲಿ ಸೊನ್ನೆ ರೂಪಾಯಿ ಟಿಕೆಟ್ ಇತ್ತು, ಅಕ್ಷರ ಪೂರ್ತಿ ಮಾಸಿಹೋಗಿತ್ತು. ಪ್ರತಿ ಪುಟದಲ್ಲೂ, ದಿನಕ್ಕೆ ಎರಡು ಸಲವಾದರೂ, "ನಿಂದು ಊಟ ಆಯ್ತಾ?" ಅಂತಿತ್ತು. ಅದು ಅಮ್ಮನಿಗೆ. ನೋವು ಜಾಸ್ತಿಯಾದ ದಿನಗಳಲ್ಲಿ ಬರೀ "ಊಟ?" ಅಂತ.

ಎರಡು ವರ್ಷ ನಾನು ಕಾಯಿಲೆ ಅಂದುಕೊಂಡು ನೋಡಿದ್ದರ ಒಳಗೆ ಅಪ್ಪ ದಿನವೂ ಡ್ಯೂಟಿಯಲ್ಲೇ ಇದ್ದ.

ಆರನೆಯದರ ಕೊನೆಯ ಪುಟದಲ್ಲಿ ಒಂದೇ ಪದ. ಕೈ ನಡುಗಿ ಸೊನ್ನೆ ಸರಿಯಾಗಿ ಕೂಡಿಕೊಂಡಿಲ್ಲ. "ಕೂತ್ಕೊ."

ಕೆಳಗೆ ಇಳಿದು ಬಂದು ಅಮ್ಮನಿಗೆ ತೋರಿಸಿದೆ. ಯಾವತ್ತು ಬರೆದದ್ದು ಅಂತ ಕೇಳಿದೆ. ಅವಳಿಗೆ ನೆನಪಿತ್ತು. ಹಿಂದಿನ ರಾತ್ರಿ, ಹತ್ತು ಗಂಟೆಯ ಮಾತ್ರೆ ಆದ ಮೇಲೆ. "ನಾನು ನಿಂತೇ ಇದ್ದೆ ಕಣೇ. ಮೆಷಿನ್ ಬೇಕಾಗುತ್ತೇನೋ ಅಂತ" ಅಂದಳು. ಆ ಪದಕ್ಕೆ ಅಡ್ಡ ಗೆರೆ ಬಿದ್ದಿರಲಿಲ್ಲ.

ಅಮ್ಮ ಪುಸ್ತಕ ಇಸ್ಕೊಂಡಳು. ಸೆರಗಿನಿಂದ ಧೂಳು ಒರೆಸಿ, ಅಪ್ಪನ ಮಂಚದ ತುದಿಗೆ ಹೋಗಿ ಕೂತಳು.